ಲೈನಿಂಗಿನಲ್ಲಿ ಬೆಳೆದ ಗಂಟು

ನಾನು ಇಸ್ತ್ರಿ ಮಾಡುವವನು. ಇಪ್ಪತ್ತಮೂರು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಇಸ್ತ್ರಿಪೆಟ್ಟಿಗೆ ಮಾತ್ರ ನಾಲ್ಕು ಸಲ ಬದಲಾಗಿದೆ. ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಎಲ್ಲರ ಕೈ ದಾಟಿ ಕೊನೆಗೆ ಬರುವುದು ನನ್ನ ಹತ್ತಿರ. ಹಾಗಾಗಿ ಎಲ್ಲರ ತಪ್ಪೂ ನನಗೆ ಗೊತ್ತು. ಸೋಮವಾರ ಯಾರ ಹೊಲಿಗೆ ಸೊಟ್ಟಗಿರುತ್ತದೆ, ಮನೆಯಲ್ಲಿ ಜಗಳವಾಡಿ ಬಂದು ಯಾರು ಗುಂಡಿಗಳ ಕತ್ತು ಹಿಸುಕಿದ್ದಾರೆ, ಎಲ್ಲ ಹೇಳಬಲ್ಲೆ. ಹೇಳುವುದಿಲ್ಲ, ಅಷ್ಟೆ. ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು ಒಂದು ಸಲ ಎಂಥ ಅನಾಹುತಕ್ಕೆ ದಾರಿಯಾಯಿತು ಎಂದು ಬರೆಯಲು ಹೊರಟಿದ್ದೇನೆ. ಆದರೆ ಇದು ನನ್ನ ಕತೆಯಲ್ಲ, ನಮ್ಮ ಎಡಚಿಯ ಕತೆ.

ಎಡಚಿ ಎಂದರೆ ಬೈಗುಳ ಎಂದುಕೊಂಡು ನೀವು ಹುಬ್ಬು ಗಂಟಿಕ್ಕಬೇಡಿ. ಆ ಹೆಸರನ್ನು ಅವಳೇ ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡವಳು. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬರೆಯುತ್ತಾಳೆಂದು ಶಾಲೆಯ ಮೇಷ್ಟರೊಬ್ಬರು ಆ ಕೈಯನ್ನು ಬೆನ್ನ ಹಿಂದೆ ರಿಬ್ಬನ್ನಿನಿಂದ ಕಟ್ಟಿ ಕೂರಿಸಿದರಂತೆ. ಇವಳು ಬಲಗೈಯಲ್ಲಿ ಒಂದಕ್ಷರ ಬರೆಯಲಿಲ್ಲ. ಇಡೀ ಎರಡು ತಿಂಗಳು ಖಾಲಿ ಪುಸ್ತಕ ಒಪ್ಪಿಸಿದಳು. ಪರೀಕ್ಷೆಗೂ ಖಾಲಿ ಹಾಳೆ. ಕೊನೆಗೆ ಮೇಷ್ಟರಿಗೇ ಸಾಕುಸಾಕಾಗಿ ರಿಬ್ಬನ್ ಬಿಚ್ಚಿದರು. ನನಗಿಂತ ಏಳು ವರ್ಷ ದೊಡ್ಡವಳು. ಎದುರಿಗೆ ಅಕ್ಕ ಎನ್ನುತ್ತೇನೆ, ಬೆನ್ನ ಹಿಂದೆ ಎಲ್ಲರ ಹಾಗೆ ನಾನೂ ಎಡಚಿ ಎನ್ನುತ್ತೇನೆ, ಅದೂ ಅವಳಿಗೆ ಗೊತ್ತು.

ಅವಳು ನಮ್ಮ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಹನ್ನೆರಡು ಪದರ ಮಡಿಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ನೆಟ್ಟಗೆ ಹಿಡಿದು ಒಂದೇ ಉಸಿರಿಗೆ ಸಾಗಿದಳೆಂದರೆ ಹನ್ನೆರಡು ತೋಳೂ ಒಂದೇ ಅಚ್ಚಿನಿಂದ ತೆಗೆದ ಹಾಗೆ ಬರುತ್ತಿದ್ದವು. ಕತ್ತರಿಯೂ ಎಡಗೈಯವರಿಗೆಂದೇ ಅಲಗು ತಿರುವಿ ಮಾಡಿಸಿದ್ದು. ಬೇರೆ ಯಾರಾದರೂ ಅದನ್ನು ಹಿಡಿದರೆ ಬಟ್ಟೆ ಕತ್ತರಿಸುವ ಬದಲು ಜಗಿಯುತ್ತಿತ್ತು. ನಮ್ಮಲ್ಲಿ ಹೊಲಿಯುವ ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಅವಳ ಕೈಯಲ್ಲೇ ಕೆಲಸ ಕಲಿತವರು. ಕಿವಿ ಹಿಂಡಿಸಿಕೊಂಡೂ ಕಲಿತವರು.

ಇಲ್ಲಿ ನಮ್ಮೊಳಗಿನ ಒಂದು ರೂಢಿಯನ್ನು ಹೇಳಬೇಕು. ಕಟಿಂಗ್ ಮೇಜಿನಿಂದ ಬಂದ ತುಂಡಿನಲ್ಲಿ ಹೆಚ್ಚುಕಡಿಮೆ ಇದ್ದರೆ ಅದನ್ನು ಯಾರೂ ಆ ಮೇಜಿಗೆ ವಾಪಸು ಒಯ್ಯುವುದಿಲ್ಲ. ಮಾಸ್ಟರಿಗೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು. ಉದ್ದ ಇದ್ದರೆ ಹೊಲಿಯುವವರು ಸಣ್ಣಗೆ ನೆರಿಗೆ ಒಳಗೆ ಸೇರಿಸಿ ಸರಿದೂಗಿಸುತ್ತಾರೆ. ಗಿಡ್ಡ ಇದ್ದರೆ ನನ್ನ ಹತ್ತಿರ ತಂದು, “ಅಣ್ಣಾ, ಒಂಚೂರು ಎಳೆದುಕೊಡು” ಎನ್ನುತ್ತಾರೆ. ನಾನು ಆವಿ ಹಾಯಿಸಿ, ಬಟ್ಟೆ ಮೆತ್ತಗಾದಾಗ ಎಳೆದು, ಒಣಗಿಸಿ ಕೊಡುತ್ತೇನೆ. ಇದನ್ನು ನಾವು ಮರ್ಯಾದೆ ಎಂದುಕೊಂಡಿದ್ದೆವು.

ಆ ವರ್ಷ ಕೆಳಗಿನ ಪದರಗಳು ಗಿಡ್ಡ ಬರತೊಡಗಿದವು. ಹನ್ನೆರಡರಲ್ಲಿ ಮೇಲಿನ ಹತ್ತು ಸರಿ, ಕೆಳಗಿನ ಎರಡು ಅರ್ಧ ಬೆರಳು ಕಡಿಮೆ. ಕತ್ತರಿ ನೆಟ್ಟಗೆ ನಿಲ್ಲದೆ ವಾಲಿದರೆ ಹಾಗಾಗುತ್ತದೆ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಕೊನೆಕೊನೆಗೆ ದಿನಾ. ನಾನು ಎಳೆದೆ. ಏಳು ತಿಂಗಳು ತುಟಿ ಪಿಟಿಕ್ಕೆನ್ನದೆ ಎಳೆದೆ. ಅವಳ ಕೈಯಿಂದ ಸೀಮೆಸುಣ್ಣ ಜಾರುವುದನ್ನು ನೋಡಿದೆ, ಎಡಗಾಲಿನ ಚಪ್ಪಲಿ ಹಿಂದೆ ಬಿದ್ದಿದ್ದರೂ ಗೊತ್ತಾಗದೆ ಅವಳು ಬರಿಗಾಲಲ್ಲಿ ಬಾಗಿಲ ತನಕ ಹೋದದ್ದನ್ನೂ ನೋಡಿದೆ. ವಯಸ್ಸಾಯಿತು ಎಂದುಕೊಂಡೆ. ಅವಳೋ ಕತ್ತರಿಯನ್ನು ಮೂರು ಸಲ ಸಾಣೆಗೆ ಕೊಟ್ಟಳು, ಬಟ್ಟೆಯ ಮಿಲ್ಲಿನವರನ್ನು ಬೈದಳು. “ಈಗಿನ ಬಟ್ಟೆಗೆ ಮೈಯಲ್ಲಿ ಜೀವಾನೇ ಇಲ್ಲ, ಹಾವಿನ ಹಾಗೆ ಜಾರುತ್ತೆ” ಎಂದು ಗೊಣಗಿದಳು.

ಆವಿಯಲ್ಲಿ ಎಳೆದ ಬಟ್ಟೆ ಮೊದಲ ಒಗೆತಕ್ಕೆ ತನ್ನ ಹಳೆಯ ಅಳತೆಗೆ ಮರಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಎಳೆದೆ. ಒಂದು ಬೆಳಿಗ್ಗೆ ಆಸ್ಪತ್ರೆಯೊಂದರ ಸಿಬ್ಬಂದಿಗೆ ಹೊಲಿದುಕೊಟ್ಟಿದ್ದ ಕೋಟುಗಳಲ್ಲಿ ಇಪ್ಪತ್ತಾರು ಮೂಟೆ ಕಟ್ಟಿಸಿಕೊಂಡು ವಾಪಸು ಬಂದವು. ಎಲ್ಲಕ್ಕೂ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಎಡಚಿ ಅವನ್ನು ಒಂದೊಂದಾಗಿ ತನ್ನ ಮೇಜಿನ ಮೇಲೆ ಹಾಸಿದಳು. ಟೇಪು ಇಟ್ಟು ಅಳೆದಳು. ಹೊಲಿಗೆ ಬಿಚ್ಚಿ ಅಂಚು ನೋಡಿದಳು. ಯಂತ್ರಗಳೆಲ್ಲ ನಿಂತವು.

“ಇದು ನನ್ನ ಕತ್ತರಿ ತಪ್ಪು” ಎಂದಳು. “ಇದನ್ನ ಎಳೆದೋರು ಯಾರು?”

ನಾನು ಮುಂದೆ ಬಂದೆ. ಬರದೆ ಇನ್ನೇನು, ಅಲ್ಲಿ ಇಸ್ತ್ರಿ ಮಾಡುವವನು ನಾನೊಬ್ಬನೇ.

“ಎಷ್ಟು ದಿನದಿಂದ?”

“ಏಳು ತಿಂಗಳಾಯ್ತು ಅಕ್ಕಾ.”

ಅವಳು ಕೆಂಡಾಮಂಡಲವಾದಳು. “ಏಳು ತಿಂಗಳು! ನನ್ನ ತಪ್ಪನ್ನ ನನ್ನಿಂದಾನೇ ಮುಚ್ಚಿಡೋಕೆ ನಿಮಗ್ಯಾರೋ ಹೇಳಿದ್ದು? ನಾನೇನು ಹಾಲು ಕುಡಿಯೋ ಮಗುನಾ? ಮರ್ಯಾದೆ ಅಂತೆ, ಮರ್ಯಾದೆ! ಬೆನ್ನ ಹಿಂದೆ ಎಲ್ಲ ಸೇರಿ ನನ್ನ ಕುರುಡಿ ಮಾಡಿ ಕೂರಿಸಿದ್ದೀರಲ್ರೋ!” ಎನ್ನುತ್ತ ಎಡಗೈ ಎತ್ತಿದಳು. ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅವಳ ಹೆಬ್ಬೆರಳು ತಾನೇ ತಾನಾಗಿ ಅದುರುತ್ತಿತ್ತು. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈ. ಅವಳು ಆ ಕೈಯನ್ನೇ ದುರುಗುಟ್ಟಿ ನೋಡಿ, “ನಿಲ್ಲು” ಎಂದು ಗದರಿದಳು. ಅದು ನಿಲ್ಲಲಿಲ್ಲ. ಎರಡು ನಿಮಿಷ ಕುಣಿದು, ಆಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳಿಗೆ ಪ್ರಜ್ಞೆ ತಪ್ಪಲಿಲ್ಲ, ಬೈಗುಳವೂ ತಪ್ಪಲಿಲ್ಲ. ಮಾಲು ಸಾಗಿಸುವ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯುದ್ದಕ್ಕೂ ನನಗೆ ಸಹಸ್ರನಾಮ ನಡೆದಿತ್ತು.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಅವಳ ಗಂಡನನ್ನೂ ಮಗಳನ್ನೂ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಗಂಡ ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷ ಬಸ್ಸಿನಲ್ಲಿ ಹಾರನ್ ಬಾರಿಸಿದ್ದಕ್ಕೋ ಏನೋ, ಮನೆಯಲ್ಲಿ ಸದ್ದೇ ಮಾಡದ ಮನುಷ್ಯ. ಮಗಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ತಾಯಿಯ ಮೂಗು, ತಾಯಿಯ ಹಟ. ಇಬ್ಬರೂ ಹೊರಗೆ ಬಂದು, “ನರದಲ್ಲಿ ಸ್ವಲ್ಪ ಊತ ಇದೆಯಂತೆ, ಒಂದು ಚಿಕ್ಕ ಆಪರೇಷನ್ ಮಾಡಿದ್ರೆ ಸರಿಹೋಗುತ್ತಂತೆ” ಎಂದರು. ಕೈ ಅದುರದಂತೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಒಂಬತ್ತನೆಯ ದಿನ ಅವಳು ಕಾರ್ಖಾನೆಗೆ ಬಂದಳು. ನೆಟ್ಟಗೆ ನನ್ನ ಮೇಜಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತಳು.

“ಪೆಟ್ಟಿಗೆ ಪಕ್ಕಕ್ಕಿಡು. ನನ್ನ ತಲೇಲಿ ಏನೋ ದೊಡ್ಡದೇ ಇದೆ.”

“ಊತ ಅಂದ್ರಲ್ಲ ಅಕ್ಕಾ?”

“ನನ್ನ ಮಗಳು ಉಪ್ಪಿನಿಂದ ಹಿಡಿದು ಗಡಿಯಾರದ ತನಕ ಎಲ್ಲದಕ್ಕೂ ನನ್ನ ಜೊತೆ ವಾದ ಮಾಡೋಳು. ಎಂಟು ದಿನದಿಂದ ಏನು ಹೇಳಿದ್ರೂ ‘ಹೂಂ ಅಮ್ಮ’ ಅಂತಾಳೆ. ಅವರಪ್ಪ ಹಣ್ಣು ಸುಲಿದು ಬಾಯಿಗಿಡ್ತಾನೆ. ಮೂವತ್ತು ವರ್ಷದಲ್ಲಿ ಒಂದು ಲೋಟ ನೀರು ಕೊಡದ ಮನುಷ್ಯ! ಊತಕ್ಕೆಲ್ಲ ಯಾರಾದ್ರೂ ಹಣ್ಣು ಸುಲೀತಾರೇನೋ?” ಎಂದಳು. ಆಮೇಲೆ ದನಿ ತಗ್ಗಿಸಿ, “ನೀನು ನನಗೆ ಏಳು ತಿಂಗಳು ಬಾಕಿ ಇದ್ದೀಯ. ನಡಿ, ಡಾಕ್ಟರ ಹತ್ತಿರ” ಎಂದಳು.

ಇಲ್ಲ ಎನ್ನಲು ನನಗೆ ಯಾವ ಮುಖ ಇತ್ತು?

ಡಾಕ್ಟರ ಕೋಣೆ ಚಿಕ್ಕದು. ಒಂದು ಮೇಜು, ಕಂಪ್ಯೂಟರಿನ ಪರದೆ, ಕಪಾಟಿನ ಮೇಲೆ ಪ್ಲಾಸ್ಟಿಕ್ಕಿನ ತಲೆಬುರುಡೆ. ಡಾಕ್ಟರು ಮೆಲುದನಿಯ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ನಮ್ಮನ್ನು ನೋಡಿ, “ಮನೆಯವರಿಗೆ ಎಲ್ಲ ಹೇಳಿದ್ದೀನಲ್ಲಮ್ಮ” ಎಂದರು.

“ಕಾಯಿಲೆ ಮನೆಯವರ ತಲೇಲಿದ್ರೆ ಅವರಿಗೆ ಹೇಳಿ. ನನ್ನ ತಲೇಲಿದ್ರೆ ನನಗೆ ಹೇಳಿ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆಬುರುಡೆಯ ಕಡೆ ನೋಡಿದೆ. ಅವರು ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಕಪ್ಪು ಬಿಳುಪಿನ ಚಿತ್ರದಲ್ಲಿ, ನೆತ್ತಿಯ ಬಲಭಾಗದಲ್ಲಿ, ಮೊಟ್ಟೆಯಾಕಾರದ ಬಿಳಿ ಗಂಟು. “ಇದನ್ನ ಟ್ಯೂಮರ್ ಅಂತೀವಿ. ಗಡ್ಡೆ.”

ಅವಳು ಪರದೆಗೆ ಮುಖ ಹತ್ತಿರ ತಂದಳು. “ಕ್ಯಾನ್ಸರಾ?”

“ಎಲ್ಲ ಗಡ್ಡೇನೂ ಕ್ಯಾನ್ಸರ್ ಅಲ್ಲ. ಬ್ರೈನ್ ಟ್ಯೂಮರ್ ಅನ್ನೋದು ಒಂದೇ ಕಾಯಿಲೆಯ ಹೆಸರೂ ಅಲ್ಲ, ನೂರಕ್ಕಿಂತ ಹೆಚ್ಚು ಬಗೆ ಇದೆ. ಎಲ್ಲಿಂದ ಹುಟ್ಟಿತು, ಎಷ್ಟು ಬೇಗ ಬೆಳೆಯುತ್ತೆ, ಅಂಚು ಹೇಗಿದೆ, ಇದರ ಮೇಲೆ ಎಲ್ಲ ನಿಂತಿದೆ. ನಿಮ್ಮದು ಮಿದುಳಿನೊಳಗೆ ಹುಟ್ಟಿದ್ದಲ್ಲ. ಮಿದುಳನ್ನ ಸುತ್ತಿರೋ ಪೊರೆ ಇದೆಯಲ್ಲ, ಅದರಲ್ಲಿ ಹುಟ್ಟಿ ಒಳಗಡೆ ಒತ್ತುತ್ತಾ ಇದೆ.”

ಎಡಚಿ ನನ್ನ ಕಡೆ ತಿರುಗಿ, “ಕೋಟು ಬಿಚ್ಚು” ಎಂದಳು.

ನಮ್ಮ ಕಾರ್ಖಾನೆಯಲ್ಲೇ ಹೊಲಿದ ಕೋಟು ನನ್ನ ಮೈಮೇಲಿತ್ತು, ಬಿಚ್ಚಿಕೊಟ್ಟೆ. ಅವಳು ಅದನ್ನು ಒಳಮಗ್ಗುಲು ಹೊರಗೆ ಮಾಡಿ ಡಾಕ್ಟರ ಮೇಜಿನ ಮೇಲೆ, ಅವರ ಪೆನ್ನು ಕಾಗದಗಳ ಮೇಲೆಯೇ ಹಾಸಿದಳು. “ಇದು ಬಟ್ಟೆ. ಇದು ಲೈನಿಂಗ್. ಈಗ ಹೇಳಿ.”

ಡಾಕ್ಟರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. “ಬಟ್ಟೆ ಮಿದುಳು ಅಂದ್ಕೊಳ್ಳಿ. ನಿಮ್ಮ ಗಂಟು ಇಲ್ಲಿ, ಲೈನಿಂಗಲ್ಲಿ. ಇದಕ್ಕೆ ಮೆನಿಂಜಿಯೋಮ ಅಂತ ಹೆಸರು. ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತೆ, ಹತ್ತು ವರ್ಷದಿಂದ್ಲೂ ಇರಬಹುದು.”

“ಬಟ್ಟೇಲೇ ಆಗಿದ್ರೆ?”

“ಅದು ಬೇರೆ ಬಗೆ, ಗ್ಲಯೋಮ. ನೇಯ್ಗೆಯೊಳಗೇ ಎಳೆ ಎಳೆಯಾಗಿ ಹರಡುತ್ತೆ. ಎಲ್ಲಿ ಮುಗೀತು, ಎಲ್ಲಿ ಒಳ್ಳೆ ಮಿದುಳು ಶುರುವಾಯ್ತು ಅಂತ ಗೆರೆ ಎಳೆಯೋಕಾಗಲ್ಲ. ಅದರಲ್ಲೂ ಮೆಲ್ಲಗೆ ಬೆಳೆಯೋದಿದೆ, ವಾರಗಳಲ್ಲಿ ಬೆಳೆಯೋದಿದೆ.”

“ಅಂದ್ರೆ ಕಲೆ ಬಿದ್ದ ಹಾಗಲ್ಲ, ನೂಲೇ ಬದಲಾದ ಹಾಗೆ” ಎಂದಳು ಅವಳು. ಆಮೇಲೆ ಕೋಟನ್ನು ಆ ಕಡೆ ಈ ಕಡೆ ತಿರುವುತ್ತ ಒಂದರ ಮೇಲೊಂದು ಪ್ರಶ್ನೆ ಎಸೆದಳು. ಹೊರಗಿನಿಂದ ಬರುವುದೂ ಇದೆಯೇ? ಇದೆ, ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ರಕ್ತದ ಜೊತೆ ಮಿದುಳಿಗೆ ಬಂದು ಕೂರುವುದುಂಟು, ಅವಳದು ಅದಲ್ಲ. ಹೊರಗೆ ಕಾಯುವಾಗ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲವಲ್ಲ, ಅದೇನು? ಬೇರೆಯವರ ವಿಷಯ ಹೇಳುವಂತಿಲ್ಲ ಎಂದರು ಡಾಕ್ಟರು. ಆದರೆ ಕಿವಿಯ ನರದ ಹೊದಿಕೆಯಲ್ಲೂ ಗಂಟು ಬೆಳೆಯುವುದುಂಟು, ಮಿದುಳಿನ ಬುಡದಲ್ಲಿ ಗುಂಡಿಯಷ್ಟು ಚಿಕ್ಕ ಗ್ರಂಥಿಯೊಂದಿದೆ, ಅದರಲ್ಲೂ ಬೆಳೆದು ಕಣ್ಣಿನ ನರವನ್ನು ಒತ್ತುವುದುಂಟು ಎಂದು ವಿವರಿಸಿದರು.

“ಕ್ಯಾನ್ಸರ್ ಅಲ್ಲ ಅಂದ್ಮೇಲೆ ನನ್ನ ಕೈ ಯಾಕೆ ಹೀಗೆ?”

“ತಲೆಬುರುಡೆ ಹಿಗ್ಗಲ್ಲಮ್ಮ. ಒಳಗೆ ಏನೇ ಬೆಳೆದರೂ ಮಿದುಳನ್ನೇ ಒತ್ತಬೇಕು. ಎಡಗೈ ಎಡಗಾಲನ್ನ ಆಡಿಸೋ ಜಾಗ ನೆತ್ತಿಯ ಬಲಗಡೆ ಇದೆ. ನಿಮ್ಮ ಗಂಟು ಸರಿಯಾಗಿ ಅದರ ಮೇಲೇ ಕೂತಿದೆ.”

ನನಗೆ ತಡೆಯಲಾಗಲಿಲ್ಲ. “ಡಾಕ್ಟ್ರೇ, ಏಳು ತಿಂಗಳು ಮೊದಲೇ ಬಂದಿದ್ರೆ?” ಎಂದು ಕೇಳಿದೆ.

ಅವರು ಹಿಂದೆಮುಂದೆ ನೋಡಿ ಹೇಳಿದರು: “ಗಂಟು ಆಗಲೂ ಇರ್ತಿತ್ತು. ಕೈಯಲ್ಲಿ ಇನ್ನೂ ಶಕ್ತಿ ಉಳಿದಿರ್ತಿತ್ತು.”

ನಾನು ತಲೆ ತಗ್ಗಿಸಿದೆ. ಎಡಚಿ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಆಮೇಲೆ ಡಾಕ್ಟರು ಮನೆಯವರು ಮುಚ್ಚಿಟ್ಟಿದ್ದ ಮುಖ್ಯ ವಿಷಯಕ್ಕೆ ಬಂದರು. ಮಿದುಳಿನ ಎರಡು ಭಾಗಗಳ ನಡುವೆ, ನೆತ್ತಿಯುದ್ದಕ್ಕೂ, ಒಂದು ದೊಡ್ಡ ರಕ್ತನಾಳ ಹರಿಯುತ್ತದೆ. ಗಂಟಿನ ಒಂದು ಅಂಚು ಅದರ ಗೋಡೆಗೆ ಅಂಟಿಕೊಂಡಿತ್ತು. ಪೂರ್ತಿ ಕಿತ್ತು ತೆಗೆಯಲು ಹೋದರೆ ಆ ನಾಳ ಮುಚ್ಚಿಹೋಗಬಹುದು, ಎಡಗೈ ಎಡಗಾಲು ಶಾಶ್ವತವಾಗಿ ಬಿದ್ದುಹೋಗಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಆ ಅಂಚನ್ನು ಬಿಟ್ಟು ಉಳಿದದ್ದನ್ನು ತೆಗೆದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಬಿಟ್ಟ ತುಂಡು ಮತ್ತೆ ಬೆಳೆಯಬಹುದು. ಗಂಟಿನ ಸ್ವಭಾವಕ್ಕೆ ಒಂದರಿಂದ ಮೂರು ದರ್ಜೆ. ಒಂದನೆಯದು ಸಾಧು, ಮೂರನೆಯದು ಕ್ಯಾನ್ಸರೇ. ಯಾವುದು ಎಂದು ತೆಗೆದು ಪರೀಕ್ಷಿಸಿದ ಮೇಲೆಯೇ ಗೊತ್ತಾಗುವುದು.

“ನಾನು ಅಂಚು ಬಿಡೋಣ ಅಂದೆ” ಎಂದರು ಡಾಕ್ಟರು. “ನಿಮ್ಮ ಮಗಳು, ಏನಾದ್ರೂ ಆಗಲಿ, ಪೂರ್ತಿ ತೆಗೀರಿ ಅಂತ ಹಟ ಹಿಡಿದಿದ್ದಾರೆ.”

“ಅವಳಿಗೆ ಹಟ ಎಲ್ಲಿಂದ ಬಂತು ಅಂತ ನನಗೆ ಗೊತ್ತು” ಎಂದು ಎಡಚಿ ಎದ್ದಳು. ಕೋಟನ್ನು ಒದರಿ ನನ್ನ ಹೆಗಲಿಗೆ ಹಾಕಿದಳು. ಲೈನಿಂಗ್ ಹೊರಗಾಗಿಯೇ ಇತ್ತು. ಬಾಗಿಲು ದಾಟುವ ತನಕ ನಾನು ಗಮನಿಸಲೇ ಇಲ್ಲ.

ಅಲ್ಲಿಂದ ನೆಟ್ಟಗೆ ಅವಳ ಮನೆಗೆ. ಸಾಕ್ಷಿಗೆ ನಾನೂ ಬೇಕಂತೆ. ಎರಡನೆಯ ಮಹಡಿಯ ಎರಡು ಕೋಣೆಯ ಮನೆ. ಅಡುಗೆಮನೆಯ ಮೇಜಿನಲ್ಲಿ ಮಗಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗಂಡ ಕಿಟಕಿಯ ಹತ್ತಿರ ಮತ್ತೆ ಏನೋ ಹಣ್ಣು ಸುಲಿಯುತ್ತಿದ್ದ. ಎಡಚಿ ಅವನ ಕೈಯಿಂದ ಚಾಕು ಕಿತ್ತು ಸಿಂಕಿಗೆ ಹಾಕಿದಳು.

“ಮೆನಿಂಜಿಯೋಮ” ಎಂದಳು. ಹೊಸದಾಗಿ ಕಲಿತ ಪದವನ್ನು ತಪ್ಪಿಲ್ಲದೆ ಒಪ್ಪಿಸಿದಳು. “ನೆತ್ತಿ ಬಲಗಡೆ, ರಕ್ತನಾಳದ ಗೋಡೆಗೆ ಅಂಟಿದೆ. ಅಂಚು ಬಿಟ್ಟು ತೆಗೆಸ್ಕೋತೀನಿ. ತೀರ್ಮಾನ ಆಯ್ತು.”

ಮಗಳು ಕೆಂಪು ಪೆನ್ನು ಕೆಳಗಿಟ್ಟಳು. ಎಂಟು ದಿನದ ‘ಹೂಂ ಅಮ್ಮ’ ಅಲ್ಲಿಗೆ ಮುಗಿಯಿತು.

“ಬಿಟ್ಟದ್ದು ಮತ್ತೆ ಬೆಳೆದ್ರೆ?”

“ಬೆಳೆದ್ರೆ ನೋಡ್ಕೋತೀನಿ.”

“ಯಾರು ನೋಡ್ಕೊಳ್ಳೋದು? ನಾನು ನೋಡ್ಕೋಬೇಕು! ವರ್ಷ ವರ್ಷ ಸ್ಕ್ಯಾನ್ ಮಾಡಿಸಿ, ಈ ವರ್ಷ ಏನು ಬರುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನಾನು ಕೂತಿರಬೇಕು! ನನಗೆ ನಿನ್ನ ಕೈ ಬೇಡಮ್ಮ, ನೀನು ಬೇಕು!”

“ಅದಕ್ಕೇ ನನಗೆ ಸುಳ್ಳು ಹೇಳಿದ್ಯಾ?”

“ನಿನಗೆ ಹೇಳಿದ್ರೆ ಹೀಗೇ ಮಾಡ್ತೀಯ ಅಂತ ಗೊತ್ತಿತ್ತು!”

ಇಬ್ಬರೂ ಎದುರುಬದುರು ನಿಂತಿದ್ದರು, ಮೂಗಿಗೆ ಮೂಗು. ಎಡಚಿ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟಳು. ಆ ಹೊತ್ತಿಗೆ ಅದನ್ನು ಹಾಗೆ ಎತ್ತಿಡಬೇಕಾಗಿತ್ತು. “ಈ ಕೈ ಬಿಟ್ಟು ಉಳಿದ ನಾನು ಯಾರು, ತೋರಿಸು. ನಿನ್ನ ಫೀಸು, ಈ ಮನೆ, ಆ ಹನ್ನೊಂದು ಜನ ಹೊಲಿಯೋರ ಕಸುಬು, ಎಲ್ಲ ಇದರಿಂದ ಬಂದದ್ದು. ಇದನ್ನ ತೆಗೆದು ಹಾಸಿಗೇಲಿ ಮಲಗಿಸಿ ‘ಅಮ್ಮ ಇದ್ದಾಳೆ’ ಅಂತ ಸಮಾಧಾನ ಮಾಡ್ಕೋತೀಯಾ? ನಿನ್ನ ಸಮಾಧಾನಕ್ಕೆ ನಾನು ಮಲಗಲ್ಲ.”

ಮಾತು ಬಹಳ ಕ್ರೂರವಾಗಿತ್ತು. ಮಗಳು ಅತ್ತಳು. ನನಗೆ ಎಡಚಿಯ ಮೇಲೇ ಸಿಟ್ಟು ಬಂತು. ಮಗಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆಗ ಕಿಟಕಿಯ ಹತ್ತಿರದಿಂದ ಗಂಡನ ದನಿ ಕೇಳಿತು. “ಬ್ರೇಕ್ ಹಿಡೀದಿದ್ರೆ ಬ್ರೇಕ್ ಹಿಡೀತಿಲ್ಲ ಅಂತ ಡ್ರೈವರಿಗೇ ಮೊದಲು ಹೇಳಬೇಕು. ನಾವು ಪ್ಯಾಸೆಂಜರಿಗೆ ಹೇಳಿ ಡ್ರೈವರಿಗೆ ಮುಚ್ಚಿಟ್ವಿ. ತಪ್ಪಾಯ್ತು.” ಅಷ್ಟು ಉದ್ದದ ಮಾತನ್ನು ಆ ಮನುಷ್ಯನ ಬಾಯಿಂದ ನಾನು ಅದೇ ಮೊದಲು ಕೇಳಿದ್ದು. ಹೇಳಿ ಮುಗಿಸಿ ಅವನು ಸಿಂಕಿನಿಂದ ಚಾಕು ತೆಗೆದು ತೊಳೆದಿಟ್ಟ.

ಆಪರೇಷನ್ನಿನ ದಿನ ಒಪ್ಪಿಗೆ ಪತ್ರ ತಂದ ನರ್ಸ್ ಅದನ್ನು ಮಗಳ ಕೈಗೆ ಕೊಡಲು ಹೋದಳು. ಎಡಚಿ ಮಲಗಿದಲ್ಲಿಂದಲೇ, “ಇಲ್ಲಿ ಕೊಡು” ಎಂದಳು. ಬಲಗೈಯಲ್ಲಿ ಸಹಿ ಮಾಡಿ ಎಂದರೆ ಕೇಳಲಿಲ್ಲ. ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಮೂರು ಸಲ ಜಾರಿ, ನಾಲ್ಕನೆಯ ಸಲಕ್ಕೆ ಎಡಗೈಯಲ್ಲೇ ಗೀಚಿದಳು. ಆ ಸಹಿ ಕಾಗದದ ಚೌಕ ದಾಟಿ, ‘ರೋಗಿಯ ಸಂಬಂಧಿಕರು’ ಎಂಬ ಜಾಗವನ್ನೂ ತುಂಬಿಕೊಂಡಿತು. ಅವಳ ತಲೆಯನ್ನು ನುಣ್ಣಗೆ ಬೋಳಿಸಿದ್ದರು. “ಹೇಗಿದೀನೋ?” ಎಂದು ಕೇಳಿದಳು. “ಸುಕ್ಕಿಲ್ಲ ಅಕ್ಕಾ, ಇಸ್ತ್ರಿ ಬೇಕಿಲ್ಲ” ಎಂದೆ. ನಕ್ಕಳು. ಹಾಗೆ ನಗುತ್ತಲೇ ಒಳಗೆ ಹೋದಳು. ನಾನು ಹೊರಗೆ ಗೋಡೆಗೆ ಮುಖ ಮಾಡಿ ನಿಂತೆ.

ಆರು ಗಂಟೆ ಹಿಡಿಯಿತು. ಡಾಕ್ಟರು ಹೊರಬಂದು, ಅಂಚು ಬಿಟ್ಟು ಉಳಿದದ್ದೆಲ್ಲ ತೆಗೆದಿದ್ದೇವೆ ಎಂದರು. ಮರುದಿನ ಅವಳಿಗೆ ಹೆಬ್ಬೆರಳು ಆಡಿಸಿ ಎಂದಾಗ ಅದು ಆಡಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ. ಊತ ಇಳಿಯಬೇಕು, ಕಾಯಿರಿ ಎಂದರು. ಅವಳು ಮಾತಾಡುವುದನ್ನೇ ಬಿಟ್ಟಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಆ ಮೂರು ದಿನ ಮಾತ್ರ. ಮಗಳು ‘ನಾನು ಹೇಳಲಿಲ್ವಾ’ ಎಂಬ ಒಂದು ಮಾತು ಆಡಲಿಲ್ಲ. ಆ ಸತ್ತಂತಿದ್ದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿಗೂ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಹೆಬ್ಬೆರಳು ಒಂದಿಷ್ಟು ಬಾಗಿತು. ಎಡಚಿ ಅದನ್ನು ನೋಡಿ, “ಬಂದ್ಯಾ ಕತ್ತೆ” ಎಂದು ಬೈದು, ಬಿಕ್ಕಿಬಿಕ್ಕಿ ಅತ್ತಳು.

ಎರಡು ವಾರದ ಹೊತ್ತಿಗೆ ಅವಳು ಮನೆಯಲ್ಲಿ ಸ್ಪಂಜಿನ ಚೆಂಡು ಹಿಸುಕುತ್ತ ಕೂರುವಷ್ಟು ಚೇತರಿಸಿಕೊಂಡಿದ್ದಳು. ಗಂಟಿನ ಪರೀಕ್ಷೆಯ ವರದಿ ಬಂದಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಮಗಳಿಗೆ ಶಾಲೆ, ಗಂಡನಿಗೆ ಮೆಟ್ಟಿಲು ಹತ್ತಿಳಿದು ಮೊಣಕಾಲು ನೋವು. ತರಲು ನಾನು ಹೋದೆ. ಕೌಂಟರಿನ ಹತ್ತಿರ ಡಾಕ್ಟರೇ ಸಿಕ್ಕಿದರು. ಲಕೋಟೆಯ ಮೇಲೆ ಅವಳ ಹೆಸರಿನ ಜೊತೆಗೆ ವರದಿ ಒಯ್ಯಬಹುದಾದವನು ಎಂದು ನನ್ನ ಹೆಸರನ್ನೂ ಅವಳೇ ಬರೆಸಿದ್ದಳಂತೆ, ಹಾಗಾಗಿ ನನಗೂ ಬಿಡಿಸಿ ಹೇಳಿದರು. ಎರಡನೆಯ ದರ್ಜೆ. ಸಾಧುವೂ ಅಲ್ಲ, ಕ್ಯಾನ್ಸರೂ ಅಲ್ಲ, ನಡುವಿನದು. ಬಿಟ್ಟ ಅಂಚು ಮತ್ತೆ ಬೆಳೆಯುವ ಸಾಧ್ಯತೆ ಎಣಿಸಿದ್ದಕ್ಕಿಂತ ಹೆಚ್ಚು. ವಿಕಿರಣದ ಚಿಕಿತ್ಸೆ ಬೇಕಾಗುತ್ತದೆ, ಬೇಗ ಮಾತಾಡಬೇಕು ಎಂದರು.

ಬಸ್ಸಿನಲ್ಲಿ ಆ ಲಕೋಟೆ ನನ್ನ ತೊಡೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಮನೆಯ ಕೆಳಗೆ ಶಾಲೆಯಿಂದ ಆಗತಾನೆ ಬಂದಿದ್ದ ಮಗಳು ಎದುರಾದಳು. ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಲಕೋಟೆ ತೆಗೆದು ಓದಿದಳು. ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಈಗ ಹೇಳೋದು ಬೇಡ ಮಾಮ” ಎಂದಳು. “ಕೈ ಈಗಷ್ಟೇ ಬರ್ತಿದೆ. ಅಮ್ಮ ನಗ್ತಿದಾಳೆ. ಇದನ್ನ ಕೇಳಿದ್ರೆ ಚೆಂಡು ಕೆಳಗಿಟ್ಟುಬಿಡ್ತಾಳೆ. ಒಂದು ತಿಂಗಳು. ಒಂದೇ ಒಂದು ತಿಂಗಳು ಬಿಟ್ಟು ಹೇಳೋಣ.”

ಸತ್ಯ ಹೇಳುತ್ತೇನೆ, ನನ್ನ ಮನಸ್ಸು ವಾಲಿತು. ಅವಳು ಕೇಳುತ್ತಿದ್ದುದು ಪ್ರೀತಿಯಿಂದ. ನಾನು ಏಳು ತಿಂಗಳು ಮಾಡಿದ್ದೂ ಪ್ರೀತಿಯಿಂದಲೇ. ಆ ಪ್ರೀತಿಯ ಬೆಲೆಯನ್ನು ಆ ಹೆಂಗಸಿನ ಕೈ ತೆತ್ತಿತ್ತು. “ಇಲ್ಲಮ್ಮ” ಎಂದು ಅವಳನ್ನು ದಾಟಿ ಮೆಟ್ಟಿಲು ಹತ್ತಿದೆ. ಅವಳು ನನ್ನ ಹಿಂದೆಯೇ ಓಡಿ ಬಂದಳು.

ಎಡಚಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ, ಕೂತರೆ ಧೈರ್ಯ ಹೋಗುತ್ತದೆಂದು ನಿಂತೇ ಹೇಳಿದೆ. “ಅಕ್ಕಾ, ಒಂದಲ್ಲ, ಎರಡನೇ ದರ್ಜೆ. ಬಿಟ್ಟದ್ದು ಮತ್ತೆ ಬೆಳೆಯೋ ಸಾಧ್ಯತೆ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಅಂತೆ. ರೇಡಿಯೇಷನ್, ಅದೇ ಕರೆಂಟು ಅಂತಾರಲ್ಲ, ಅದನ್ನ ಕೊಡಬೇಕಾಗುತ್ತಂತೆ. ಬೇಗ ಮಾತಾಡಬೇಕಂತೆ.”

ಅವಳ ಬೆರಳು ನಿಂತವು. ಚೆಂಡು ಕೈಯಿಂದ ಉರುಳಿ ಮೇಜಿನ ಕೆಳಗೆ ಹೋಯಿತು. 

“ಮೂರರಲ್ಲಿ ಎರಡು” ಎಂದಳು.

“ಹೌದು ಅಕ್ಕಾ.”

“ನಾನು ಹೇಳಿದ ಹಾಗೆ ಅಂಚು ಬಿಟ್ಟಿದ್ದಕ್ಕೇ ಇದು ಬಂತಾ?”

“ದರ್ಜೆ ಮೊದಲಿಂದ್ಲೇ ಅದೇ ಇತ್ತಂತೆ. ಆದ್ರೆ ಅಂಚು ಬಿಟ್ಟಿದ್ದು ಬಿಟ್ಟಿದ್ದೇ.”

“ಸರಿಯಾಗಿ ಹೇಳಿದೆ” ಎಂದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಕಟಿಂಗ್ ಮೇಜಿನ ದನಿಯೇ. “ನಾನು ತಿಳಿದು ಬಿಟ್ಟೆ. ಇನ್ನೊಂದು ಸಲ ಕೇಳಿದ್ರೂ ಬಿಡ್ತೀನಿ. ಬೆಳೆಯುತ್ತೋ, ಬೆಳೀಲಿ. ಅದು ಬೆಳೆಯೋದು ನನಗೆ ಗೊತ್ತಾಗೇ ಬೆಳೀಬೇಕು.” ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದಳು. “ಡಾಕ್ಟರಿಗೆ ಫೋನ್ ಮಾಡು.”

ಮಗಳು ಫೋನ್ ತೆಗೆದುಕೊಂಡು ವಾಡಿಕೆಯಂತೆ ಪಕ್ಕದ ಕೋಣೆಯ ಕಡೆ ಹೆಜ್ಜೆಯಿಟ್ಟಳು. ಕರೆ ಹೋಗುವ ಸದ್ದು ನಮಗೂ ಕೇಳುತ್ತಿತ್ತು. ಹೊಸ್ತಿಲಲ್ಲಿ ಅವಳು ನಿಂತಳು. ಬೆನ್ನು ನಮ್ಮ ಕಡೆಗಿತ್ತು. ಆ ಕಡೆಯಿಂದ ಡಾಕ್ಟರ ದನಿ, “ಹೇಳಿ, ಯಾರು?” ಎಂದಿತು. ಅವಳು ತಿರುಗಿ ವಾಪಸು ಬಂದಳು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ, ತಾಯಿಯ ಎಡಗೈಯ ಪಕ್ಕದಲ್ಲಿ ಇಟ್ಟಳು.

“ಡಾಕ್ಟ್ರೇ, ನಾನು ಮಗಳು” ಎಂದಳು. “ನನ್ನ ಹತ್ತಿರ ಅಲ್ಲ. ಅಮ್ಮನ ಹತ್ತಿರ ಮಾತಾಡಿ.”